ಐದರಲ್ಲಿ ಒಂದು ಕಮ್ಮಿ

ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಪುನರ್ಪುಳಿ ಶರಬತ್ತಿನ ಗ್ಲಾಸಿನೊಳಗೆ ಒಂದು ಬಿಳಿ ಎಸಳು ಬಿತ್ತು. ಗಂಟೆ ಇಷ್ಟು ಖಚಿತವಾಗಿ ನೆನಪಿರುವುದು ದಿಬ್ಬಣ ಕುಂಬ್ರ ದಾಟಿತು ಎಂಬ ಫೋನು ಅದೇ ಹೊತ್ತಿಗೆ ಬಂದದ್ದರಿಂದ. ನನ್ನ ಅಕ್ಕನ ಮಗಳ ಮದುವೆ. ಸಭಾಭವನದ ಎದುರಿನ ಮುಖಮಂಟಪದಲ್ಲಿ, ಗಂಡಿನ ಕಡೆಯವರಿಗೆ ಬಾಯಾರಿಕೆಗೆ ಶರಬತ್ತು ಕೊಡುವ ಮೇಜಿನ ಉಸ್ತುವಾರಿ ನನ್ನದು. ಮಲ್ಲಿಗೆಯ ಎಸಳೆಂದುಕೊಂಡು ಬೆರಳು ಹಾಕಿ ತೆಗೆದೆ. ಗಟ್ಟಿಯಾಗಿತ್ತು, ಮುರಿದ ಹಲ್ಲಿನ ಹಾಗೆ. ತಲೆ ಎತ್ತಿದೆ. ಮೇಲಿನ ಬೀಮಿನ ಅಡಿಗೆ ಅಂಟಿಸಿದ್ದ ಪ್ಲಾಸ್ಟರಿನ ದೊಡ್ಡ ಹೂವಿನಲ್ಲಿ ಒಂದು ಎಸಳು ಇರಲಿಲ್ಲ.

ನನಗಿಂತ ಮೊದಲೇ ಅದನ್ನು ನೋಡುತ್ತ ನಿಂತಿದ್ದವರು ನಮ್ಮ ಡ್ರಾಯಿಂಗ್ ಮಾಷ್ಟ್ರು. ನನ್ನ ಕೈಯಿಂದ ಎಸಳನ್ನು ತೆಗೆದುಕೊಂಡು, ಮಗುಚಿ ನೋಡಿ, "ರೋಸೆಟ್" ಎಂದರು. ಆಮೇಲೆ ಬಹಳ ಮೆಲ್ಲನೆ, "ನೀನು ಇಲ್ಲಿಂದ ಹೊರಗೆ ಹೋಗು ಮಾರಾಯ್ತಿ" ಎಂದರು.

ಅವರ ಕ್ರಮವೇ ಅದು. ಮೊದಲು ಹೆಸರು, ಉಳಿದದ್ದೆಲ್ಲ ಆಮೇಲೆ.

ಕಡಬದ ಕಡೆಯ ಒಂದು ಹೈಸ್ಕೂಲಿನಲ್ಲಿ ಅವರು ನನಗೆ ಡ್ರಾಯಿಂಗ್ ಕಲಿಸಿದವರು. ಬೇರೆ ಶಾಲೆಗಳಲ್ಲಿ ಡ್ರಾಯಿಂಗ್ ಎಂದರೆ ಹೂಕುಂಡ, ಬಾಳೆಹಣ್ಣು, ಸೂರ್ಯೋದಯ. ನಮ್ಮಲ್ಲಿ ಕಂಬ. ಬೋರ್ಡಿನ ತುದಿಯಿಂದ ತುದಿಗೆ ಅವರು ಗ್ರೀಕರ ಕಂಬಗಳನ್ನು ನಿಲ್ಲಿಸುತ್ತಿದ್ದರು. "ಇವ ಡೋರಿಕ್. ಪೀಠ ಇಲ್ಲ, ಬರಿಗಾಲಲ್ಲಿ ನಿಂತವ. ಇವಳು ಅಯೋನಿಕ್, ಕಿವಿಗೆ ಓಲೆ ಹಾಕಿದವಳು. ಇವಳು ಕೊರಿಂಥಿಯನ್, ಸೊಪ್ಪು ತರಲಿಕ್ಕೆ ಹೋದವಳು ಹೊರೆ ಇಳಿಸದೆ ಹಾಗೆಯೇ ನಿಂತಿದ್ದಾಳೆ." ನಾವು ಶಾಲೆಯ ಎಲ್ಲರಿಗೂ ಈ ಹೆಸರು ಹಂಚಿದೆವು. ಗಣಿತದ ಮಾಷ್ಟ್ರು ಡೋರಿಕ್. ಹಿಂದಿ ಟೀಚರ್, ಅವರ ತಲೆಯಲ್ಲಿ ದಿನವೂ ಇರುತ್ತಿದ್ದ ಕನಕಾಂಬರದ ದಂಡೆಯಿಂದಾಗಿ, ಕೊರಿಂಥಿಯನ್. ಇದು ಮಾಷ್ಟ್ರ ಕಿವಿಗೆ ಬಿದ್ದಾಗ ಬೈಯುತ್ತಾರೆಂದುಕೊಂಡೆವು. ಅವರು ಹಿಂದಿ ಟೀಚರನ್ನು ದೂರದಿಂದ ನೋಡಿ, "ಸರಿ ಉಂಟು" ಎಂದು ಮುಂದೆ ಹೋದರು.

ತೆಳ್ಳಗಿನ ಉದ್ದ ಜೀವ. ಮೇಲೆ ನೋಡಿ ನೋಡಿ ಕುತ್ತಿಗೆ ಸ್ವಲ್ಪ ಹಿಂದಕ್ಕೆ ವಾಲಿತ್ತು. ಹಾಗಾಗಿ ರಸ್ತೆಯ ಗುಂಡಿ, ನಾಯಿ, ಸೆಗಣಿ ಯಾವುದೂ ಅವರಿಗೆ ಕಾಣುತ್ತಿರಲಿಲ್ಲ. ಮಳೆಯಿರಲಿ, ಬಿಸಿಲಿರಲಿ, ಕೈಯಲ್ಲಿ ಕೊಡೆ. ಅದನ್ನು ಬಿಡಿಸುವುದು ಕಡಿಮೆ, ತೋರಿಸಲಿಕ್ಕೆ ಉಪಯೋಗಿಸುವುದು ಹೆಚ್ಚು. ಪುತ್ತೂರಿನಿಂದ ಸುಳ್ಯಕ್ಕೆ ಬಸ್ಸಿನಲ್ಲಿ ಹೋದರೆ ಕಿಟಕಿಯ ಬದಿಯ ಸೀಟೇ ಆಗಬೇಕು. ಈ ಕಡೆ ಹೊಸ ಮನೆ ಕಟ್ಟುವವರಿಗೆಲ್ಲ ಎದುರಿಗೆ ರೋಮನ್ ಕಂಬ ಬೇಕು, ಅದಕ್ಕೆ ಅಚ್ಚು ಬಾಡಿಗೆಗೆ ಸಿಗುತ್ತದೆ. ಒಂದೊಂದು ಮನೆ ಹಿಂದೆ ಸರಿದಂತೆ ಅವರು ಪಕ್ಕದವರಿಗೆ ಹೇಳುತ್ತಿದ್ದರು: "ಈ ಕಂಬಕ್ಕೆ ಹೊಟ್ಟೆ ಇಲ್ಲ ನೋಡಿ. ಗ್ರೀಕರು ನಡುವಿನಲ್ಲಿ ಕಂಡೂ ಕಾಣದ ಹಾಗೆ ಒಂದು ಉಬ್ಬು ಕೊಡ್ತಿದ್ರು. ಎಂಟಾಸಿಸ್. ಭಾರ ಎತ್ತಿದವನ ತೋಳಿನ ಹಾಗೆ." ಪಕ್ಕದವರು ಮುಂದಿನ ಸ್ಟಾಪಿನಲ್ಲಿ ಬೇರೆ ಸೀಟಿಗೆ ಹೋಗುತ್ತಿದ್ದರು.

ಸವಣೂರಿನ ಹತ್ತಿರ ಒಂದು ಮನೆಯವರು ಅಯೋನಿಕ್ ಕಂಬದ ಸುರುಳಿಗಳನ್ನು ತಲೆಕೆಳಗಾಗಿ ಕೂರಿಸಿದ್ದರು. ಮಾಷ್ಟ್ರಿಗೆ ತಡೆಯಲಾಗಲಿಲ್ಲ. ಬಸ್ಸಿಳಿದು ಅಂಗಳಕ್ಕೆ ಹೋದರು. ಜಗಲಿಯಲ್ಲಿ ಕೂತಿದ್ದ ಮುದುಕಿಗೆ ಕೊಡೆ ಎತ್ತಿ ವಿವರಿಸಿದರು. ಅಜ್ಜಿ ಪೂರ್ತಿ ಕೇಳಿ, "ಅದು ಜಿಲೇಬಿ ಅಲ್ವಾ ಮಾಷ್ಟ್ರೆ? ಯಾವ ಕಡೆಯಿಂದ ಕಚ್ಚಿದ್ರೆ ಎಂತ?" ಎಂದರಂತೆ. ಈ ಕತೆಯನ್ನು ಅವರೇ ನಮಗೆ ಹೇಳಿ, ಕೆಮ್ಮು ಬರುವವರೆಗೆ ನಗುತ್ತಿದ್ದರು.

ಗ್ರೀಸನ್ನಾಗಲಿ ಇಟಲಿಯನ್ನಾಗಲಿ ಅವರು ನೋಡಿದವರಲ್ಲ. ಒಮ್ಮೆ ಮಕ್ಕಳ ಪ್ರವಾಸದ ಜೊತೆ ಗೋವಾಕ್ಕೆ ಹೋದದ್ದೇ ದೊಡ್ಡ ಯಾತ್ರೆ. ಉಳಿದ ಮಾಷ್ಟ್ರುಗಳು ಮಕ್ಕಳನ್ನು ಸಮುದ್ರಕ್ಕೆ ಕರೆದುಕೊಂಡು ಹೋದಾಗ ಇವರು ಕ್ರೈಸ್ತರ ಒಂದು ಹಳೆಯ ಇಗರ್ಜಿಯ ಎದುರು ನಿಂತವರು ಸಂಜೆಯವರೆಗೆ ಕದಲಲಿಲ್ಲ. "ಒಂದೇ ಗೋಡೆಯಲ್ಲಿ ಮೂವರೂ ಇದ್ರು ಮಾರಾಯ್ತಿ. ಪುಸ್ತಕದಿಂದ ಎದ್ದು ಬಂದ ಹಾಗೆ. ಹೆಸರು ಹಿಡಿದು ಕರೀಲಿಕ್ಕೆ ಹೆದರಿಕೆ ಆಯ್ತು ನನಗೆ."

ನಾನು ಇತಿಹಾಸ ಓದಿ, ಪುತ್ತೂರಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ ಉಪನ್ಯಾಸಕಿಯಾದೆ. ಗ್ರೀಸ್, ರೋಮ್, ನವೋದಯದ ಪಾಠ ಬಂದಾಗ ಪ್ರತಿವರ್ಷ ಅವರನ್ನು ಕರೆಯುತ್ತಿದ್ದೆ. ಆಗಲೇ ನಿವೃತ್ತರಾಗಿ ಕಬಕದ ಮನೆಯಲ್ಲಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು, ಬಸ್ಸು ತಪ್ಪಬಾರದೆಂದು ಒಂದು ಗಂಟೆ ಮೊದಲೇ ಬಂದು, ಸ್ಟಾಫ್ ರೂಮಿನಲ್ಲಿ ಕೂತಿರುತ್ತಿದ್ದರು. ಪಾಠಕ್ಕೆ ಕಾಗದ ಪತ್ರ ಏನೂ ಇಲ್ಲ. ಮಕ್ಕಳೇ ಸಾಮಗ್ರಿ. ಇಬ್ಬರನ್ನು ನಿಲ್ಲಿಸಿ ತಲೆಯ ಮೇಲೆ ಬೆಂಚು ಹೊರಿಸಿದರೆ ಗ್ರೀಸ್. ಎರಡು ಸಾಲಿನವರನ್ನು ಪರಸ್ಪರ ಒರಗಿಸಿ, ನಡುವೆ ಒಬ್ಬ ದಪ್ಪ ಹುಡುಗನನ್ನು ತೂರಿಸಿದರೆ ರೋಮಿನ ಕಮಾನು. "ನೀನು ಕೀಸ್ಟೋನ್. ನಿನಗೆ ಸೀನು ಬಂದ್ರೆ ಸಾಮ್ರಾಜ್ಯ ಹೋಯ್ತು!" ಗ್ರೀಕರ ಗುಡಿಯ ಮೇಲಂಚಿನ ಗೀರುಗಲ್ಲುಗಳ ಬಗ್ಗೆ ಹೇಳುವಾಗ ಮಾತ್ರ ಧ್ವನಿ ತಗ್ಗುತ್ತಿತ್ತು. "ಇದು ಟ್ರೈಗ್ಲಿಫ್. ಹಿಂದೆ ಗುಡಿ ಮರದ್ದಿತ್ತು. ತೊಲೆಯ ತುದಿ ಹೊರಗೆ ಕಾಣ್ತಿತ್ತು. ಮರ ಹೋಗಿ ಕಲ್ಲು ಬಂತು, ಆದ್ರೂ ತೊಲೆಯ ತುದಿಯನ್ನು ಕೆತ್ತುದು ಬಿಡ್ಲಿಲ್ಲ. ಕಲ್ಲು ಮರವನ್ನು ನೆನಪಿಟ್ಟುಕೊಂಡಿತು."

ನವೋದಯಕ್ಕೆ ಬಂದಾಗ ಒಂದು ಪ್ರಶ್ನೆ ಕೊಡುತ್ತಿದ್ದರು. ಗೋಡೆಗೆ ಅಂಟಿಕೊಂಡು, ಕಂಬದ ವೇಷ ಹಾಕಿ ನಿಲ್ಲುವ ಚಪ್ಪಟೆ ಕಂಬದ ಚಿತ್ರ ಬರೆದು, "ಇದು ಪಿಲಾಸ್ಟರ್. ಇದರ ಮೇಲೆ ಭಾರ ಇಲ್ಲ. ಯಾವ ಕಟ್ಟಡ ನೋಡಿದ್ರೂ ಮೊದಲು ಕೇಳಿ: ಯಾರು ಹೊತ್ತಿದ್ದಾರೆ, ಯಾರು ಹೊತ್ತ ಹಾಗೆ ನಿಂತಿದ್ದಾರೆ?" ಒಂದು ವರ್ಷ ಒಬ್ಬಳು ಹುಡುಗಿ ಎದ್ದು, ಕಂಬದ ಬದಲು ಮನುಷ್ಯರೇ ಛಾವಣಿ ಹೊತ್ತು ನಿಂತ ಚಿತ್ರ ನೋಡಿದ್ದೇನೆ ಎಂದಳು. "ಹೆಣ್ಣಾದ್ರೆ ಕಾರಿಯಾಟಿಡ್, ಗಂಡಾದ್ರೆ ತೆಲಮೋನ್," ಎಂದರು ತಕ್ಷಣ. ಆಮೇಲೆ, "ಚಂದ ಉಂಟು. ಆದ್ರೆ ನಂಬಬೇಡ. ಕಲ್ಲಿಗೆ ಮನುಷ್ಯನ ರೂಪ ಕೊಡಬಹುದು. ಮನುಷ್ಯನಿಗೆ ಕಲ್ಲಿನ ಕೆಲಸ ಕೊಡ್ಲಿಕ್ಕೆ ಆಗುದಿಲ್ಲ" ಎಂದರು.

ಒಂದು ಮಾತನ್ನು ಅವರು ಎಲ್ಲರಲ್ಲೂ ಹೇಳುತ್ತಿದ್ದರು: "ನಾನು ಶಬ್ದದವ. ಲೆಕ್ಕದವ ಅಲ್ಲ. ಕಟ್ಟಡದ ಒಂದೊಂದು ಮೂಳೆಯ ಹೆಸರು ಗೊತ್ತುಂಟು, ಅದು ಎಷ್ಟು ಹೊರ್ತದೆ ಅಂತ ಕೇಳಿದ್ರೆ ಗೊತ್ತಿಲ್ಲ." ಇದನ್ನು ವಿನಯದ ಮಾತೆಂದು ತಿಳಿದಿದ್ದೆವು. ಅದು ಇದ್ದದ್ದು ಇದ್ದ ಹಾಗೆ ಹೇಳಿದ್ದು. ಲೆಕ್ಕ ಗೊತ್ತಿದ್ದಿದ್ದರೆ ಅವರ ಮಾತಿಗೆ ಬೇರೆ ತೂಕ ಬರುತ್ತಿತ್ತೋ ಏನೋ.

ಕುಂಬ್ರ ಮತ್ತು ಸವಣೂರಿನ ನಡುವೆ ಆ ಸಭಾಭವನ ಎದ್ದದ್ದು ಎರಡು ವರ್ಷದ ಹಿಂದೆ. ಯಜಮಾನರದ್ದು ಹಾರ್ಡ್‌ವೇರ್ ಅಂಗಡಿ. ಒಳ್ಳೆಯ ಮಾತುಗಾರ, ಯಾರ ಮನೆಯ ಸಾವಿಗೂ ಮದುವೆಗೂ ಮೊದಲು ಓಡಿ ಬರುವ ಜನ. ಭವನದ ಎದುರಿಗೆ ಅವರು ಗ್ರೀಕ್ ಗುಡಿಯ ಹಾಗಿನ ಮುಖಮಂಟಪ ಮಾಡಿಸಿದ್ದರು: ಸಾಲಾಗಿ ಐದು ಕಂಬ, ಅವುಗಳ ತಲೆಯ ಮೇಲೆ ಬೀಮು, ಬೀಮಿನ ಮೇಲೆ ಕೆಂಪುಕಲ್ಲಿನಿಂದ ಕಟ್ಟಿ ಗಾರೆ ಹಾಕಿದ ದೊಡ್ಡ ತ್ರಿಕೋನ. ಪೆಡಿಮೆಂಟ್ ಎನ್ನುತ್ತಾರೆ ಅದಕ್ಕೆ. ನನಗೂ ಮಾಷ್ಟ್ರಿಂದಲೇ ಗೊತ್ತು. ಅದರ ನಡುವಿನಲ್ಲಿ ಗಣಪತಿ.

ಒಂದು ಸಂಜೆ ಕಾಲೇಜಿನ ಪಾಠ ಮುಗಿಸಿ ನಾನೂ ಮಾಷ್ಟ್ರೂ ಬಣ್ಣ ತರಲೆಂದು ಆ ಅಂಗಡಿಗೆ ಹೋದೆವು. ಯಜಮಾನರು ಮಂಕಾಗಿ ಕೂತಿದ್ದರು.

"ಜೋಯಿಸರಲ್ಲಿ ಪ್ರಶ್ನೆ ಇಡಿಸಿದ್ದೆ ಮಾಷ್ಟ್ರೆ. ಬಾಗಿಲಿಗೆ ನೇರ ಒಂದು ಕಂಬ ಬಂದಿದೆಯಂತೆ. ಸ್ತಂಭವೇಧೆ. ಅಲ್ಲಿ ಆದ ಮದುವೆ ಬಾಳುದಿಲ್ಲ ಅಂತ ಕಂಡಿದೆ. ಈ ಮಾತು ಹೊರಗೆ ಹೋದ್ರೆ ನನ್ನ ಹಾಲಿಗೆ ಯಾರು ಬರ್ತಾರೆ ಹೇಳಿ?"

ಮಾಷ್ಟ್ರ ಕಣ್ಣು ಹೊಳೆಯಿತು. ದೂರದ ಎರಡು ಊರುಗಳಲ್ಲಿ ಒಂದೇ ಮುಖ ಕಂಡವರ ಸಂತೋಷ ಅದು. "ಗ್ರೀಕರದ್ದೂ ಹಾಗೆಯೇ! ತೀರಾ ಹಳೆಯ ಒಂದೆರಡು ಬಿಟ್ರೆ, ಗುಡಿಯ ಎದುರಿಗೆ ಯಾವಾಗಲೂ ಸಮಸಂಖ್ಯೆ. ನಾಲ್ಕು, ಆರು, ಎಂಟು. ಮಧ್ಯೆ ಕಂಬ ಇಡುದಿಲ್ಲ. ಇಟ್ರೆ ದೇವರು ಹೊರಗೆ ನೋಡುದು ಹೇಗೆ?"

"ಹೌದಾ?" ಎಂದರು ಯಜಮಾನರು. ಅವರ ಮುಖ ಆಗ ಸಡಿಲಾದದ್ದು ನನಗೆ ಇವತ್ತಿಗೂ ಕಾಣುತ್ತದೆ. ತಲೆಯಿಂದ ಯಾರೋ ಗೋಣಿ ಇಳಿಸಿಕೊಟ್ಟ ಹಾಗೆ. "ಹಾಗಾದ್ರೆ ಪರದೇಶದಲ್ಲೂ ಇದು ಉಂಟು ಅನ್ನಿ." ಅಂಗಡಿಯ ಹುಡುಗನನ್ನು ಕಳಿಸಿ ನಮಗೆ ಗೋಳಿಬಜೆ, ಚಾ ತರಿಸಿದರು.

ವಾರದ ನಂತರ ಮಾಷ್ಟ್ರು ಆ ದಾರಿಯಲ್ಲಿ ಹೋದಾಗ ನಡುವಿನ ಕಂಬ ಇರಲಿಲ್ಲ. ಬುಡದಲ್ಲಿ ಟೈಲ್ಸ್, ಮೇಲೆ ಬೀಮಿನ ಅಡಿಯಲ್ಲಿ ಕಡಿದ ಗುರುತು ಕಾಣದಂತೆ ಪ್ಲಾಸ್ಟರಿನ ಹೂವು. ಯಜಮಾನರು ಗೇಟಿನಿಂದಲೇ ಕೂಗಿದರಂತೆ, "ಮಾಷ್ಟ್ರೆ, ಸಮಸಂಖ್ಯೆ ಆಯ್ತು! ನಾಲ್ಕು!"

"ಅದು ನಾಲ್ಕು ಅಲ್ಲ ಮಾರಾಯ್ರೆ," ಎಂದರು ಮಾಷ್ಟ್ರು. "ಐದರಲ್ಲಿ ಒಂದು ಕಮ್ಮಿ."

ಗ್ರೀಕರು ನಾಲ್ಕೆಂದು ಮೊದಲೇ ಎಣಿಸಿ, ಅದಕ್ಕೆ ತಕ್ಕ ಹಾಗೆ ತೊಲೆ ಇಡುತ್ತಿದ್ದರು. ಇಲ್ಲಿ ಎರಡು ಕಂಬದ ನಡುವಿನ ಅಂತರ ಒಮ್ಮೆಲೇ ಇಮ್ಮಡಿಯಾಗಿದೆ, ಆ ಜಾಗದ ನಟ್ಟನಡುವಿಗೇ ತ್ರಿಕೋನದ ತುದಿ ಬಂದು ಕೂತಿದೆ. ಇದನ್ನು ಹೇಳಲಿಕ್ಕೆ ಅವರಿಗೆ ಲೆಕ್ಕ ಬೇಕಾಗಿರಲಿಲ್ಲ. ಯಜಮಾನರು ನಕ್ಕರು. "ಅದು ಶೋಕಿ ಕಂಬ ಅಲ್ವಾ ಮಾಷ್ಟ್ರೆ? ಅಚ್ಚಿನದ್ದು."

"ಕಡಿಯುವಾಗ ಒಳಗೆ ಕಬ್ಬಿಣದ ಸರಳು ಸಿಗ್ಲಿಲ್ವಾ? ಶೋಕಿಯದ್ದಕ್ಕೆ ಸರಳು ಯಾಕೆ?"

"ಸಿಕ್ಕಿತು. ನಮ್ಮ ಇಂಜಿನಿಯರ್ ಹುಡುಗ ನೋಡಿದ್ದಾನೆ. ಎಂತ ಆಗುದಿಲ್ಲ ಅಂದಿದ್ದಾನೆ."

"ಅಡಿಗೆ ಎರಡು ಕಬ್ಬಿಣದ ಕಂಬವಾದ್ರೂ ಆಸರೆ ಕೊಡಿ."

"ಮದುವೆ ಸೀಸನ್‌ನಲ್ಲಿ ಎದುರಿಗೆ ಕಬ್ಬಿಣ ನಿಲ್ಲಿಸಿದ್ರೆ ಜನ ಎಂತ ಹೇಳ್ಲಿಕ್ಕಿಲ್ಲ? ಮಳೆಗಾಲ ಬರ್ಲಿ, ನೋಡುವ."

ಅಲ್ಲಿಂದ ಮುಂದೆ ಮಾಷ್ಟ್ರ ಬಗ್ಗೆ ಒಂದು ಹೊಸ ಸುದ್ದಿ ಹಬ್ಬಿತು. ಆ ಹಾಲಿನಲ್ಲಿ ಯಾರ ಮದುವೆಯಾದರೂ, ಕರೆಯಲಿ ಬಿಡಲಿ, ಇವರು ಹಾಜರು. ಬಿಳಿ ಅಂಗಿ, ಕೊಡೆ. ಮಂಟಪದ ಕೆಳಗೆ ನಿಂತು ಮೇಲೆ ನೋಡುತ್ತಿರುವುದು. ದಿಬ್ಬಣ ಒಳಗೆ ಹೋದ ಮೇಲೆ ಒಂದು ಸುತ್ತು ನೋಡಿ, ಬಸ್ ಸ್ಟಾಪಿಗೆ ನಡೆಯುವುದು. "ಮಾಷ್ಟ್ರಿಗೆ ಪಿಂಚಣಿ ಸಾಕಾಗುದಿಲ್ಲವಾ? ಹೋಳಿಗೆ ಇದ್ದ ದಿನ ತಪ್ಪಿಸುದೇ ಇಲ್ಲ" ಎಂದು ಸ್ಟಾಫ್ ರೂಮಿನಲ್ಲೇ ಯಾರೋ ನಕ್ಕರು. ಅವರು ಅಲ್ಲಿ ಒಂದು ತುತ್ತೂ ಊಟ ಮಾಡುತ್ತಿರಲಿಲ್ಲ ಎಂಬುದು ನಮಗೆ ಗೊತ್ತಾದದ್ದು ಆಮೇಲೆ, ಅವರ ಹೆಂಡತಿಯಿಂದ. "ಎರಡೂವರೆಗೆ ಬಂದು ಗಂಜಿ ಕೇಳುದು. ಮದುವೆಮನೆಯಿಂದ ಬಂದವರು ಗಂಜಿ ಉಣ್ಣುದಾ ಅಂತ ನಾನು ಬೈದದ್ದುಂಟು. ಒಂದು ಸಲ ಮಾತ್ರ ಹೇಳಿದ್ರು, ನನ್ನ ಬಾಯಿಂದ ಬಿದ್ದ ಮಾತಿಗೆ ನಾನು ಕಾವಲು ನಿಲ್ಲಬೇಕಲ್ಲ ಅಂತ."

ಅಕ್ಕನ ಮಗಳ ಮದುವೆಗೂ ಹಾಗೆಯೇ ಬಂದಿದ್ದರು. ನನ್ನ ಭಾವ, ಮದುಮಗಳ ಅಪ್ಪ, ನನ್ನನ್ನು ಬದಿಗೆ ಕರೆದು, "ಇವರನ್ನು ಕರೆದದ್ದು ನೀನಾ?" ಎಂದು ಕೇಳಿದ್ದೂ ಆಗಿತ್ತು.

ಈಗ ಆ ಬೆಳಿಗ್ಗೆಗೆ ಬರಬೇಕು. ಎಷ್ಟು ಸಲ ಬಂದರೂ ಅದೇ ದಾರಿ: ಎಸಳು, ಹೂವು, ಹೂವಿನ ಬದಿಯಿಂದ ಹೊರಟ ಗೆರೆ. ಹಿಂದಿನ ಸಂಜೆ ದೊಡ್ಡ ಮಳೆ ಬಂದಿತ್ತು. ಕೆಂಪುಕಲ್ಲು ನೀರು ಕುಡಿದು ಗಾರೆಯ ಮೇಲೆ ಕಂದು ಕಲೆ ಮೂಡಿತ್ತು. ಗೆರೆ ಕೂದಲೆಳೆಯಷ್ಟು ತೆಳು. ನಾನು ನೋಡುತ್ತಿದ್ದ ಹಾಗೇ ಅದರಿಂದ ಹಿಟ್ಟು ಉದುರಿತು.

ಮಾಷ್ಟ್ರು ಭಾವನ ಹತ್ತಿರ ಹೋದರು. "ದಿಬ್ಬಣವನ್ನು ಹಿಂದಿನ ಬಾಗಿಲಿಂದ ಕರ್ಕೊಂಡು ಬನ್ನಿ. ಇಲ್ಲಿ ನಿಲ್ಲಿಸಬೇಡಿ."

"ಅಡುಗೆಕೋಣೆ ಬಾಗಿಲಿಂದ ಮದುಮಗನನ್ನು ತರುದಾ? ನಿಮಗೆ ತಲೆ ಸರಿ ಉಂಟಾ ಮಾಷ್ಟ್ರೆ? ಅವರು ಸುಳ್ಯದವರು, ಅಲ್ಲಿಂದಲೇ ವಾಪಸ್ ಹೋದಾರು."

ಮಾಷ್ಟ್ರು ಯಜಮಾನರನ್ನು ಹುಡುಕಿದರು. ಅವರು ಗೇಟಿನಲ್ಲಿ ಕಾರುಗಳಿಗೆ ಜಾಗ ತೋರಿಸುತ್ತಿದ್ದರು. ಅಲ್ಲಿಂದಲೇ ಕೈ ಬೀಸಿ "ಆಮೇಲೆ, ಆಮೇಲೆ" ಎಂದರು. ಅಷ್ಟರಲ್ಲಿ ವಾದ್ಯ ಕೇಳಿತು. ದಿಬ್ಬಣ ಬಂದೇ ಬಿಟ್ಟಿತು.

ನಮ್ಮಲ್ಲಿ ದಿಬ್ಬಣವನ್ನು ಹೊಸ್ತಿಲಲ್ಲಿ ತಡೆದು ನಿಲ್ಲಿಸುವುದು ಕ್ರಮ. ಮದುಮಗನ ಕಾಲು ತೊಳೆಯಬೇಕು, ಆರತಿ ಎತ್ತಬೇಕು, ಫೋಟೋದವರು ಹೇಳಿದಷ್ಟು ಹೊತ್ತು ಎಲ್ಲರೂ ಒತ್ತೊತ್ತಾಗಿ ನಿಲ್ಲಬೇಕು. ಹಾಗೆ ಎರಡೂ ಕಡೆಯ ಜನ, ಮುದುಕರು, ಮಕ್ಕಳು, ಹೂ ಮುಡಿದ ಹೆಂಗಸರು, ವಾದ್ಯದವರು, ಎಲ್ಲರೂ ಬಂದು ಆ ಬೀಮಿನ ಅಡಿಗೇ ತುಂಬಿಕೊಂಡರು. ನನ್ನ ಅಕ್ಕ ಆರತಿ ತಟ್ಟೆ ಹಿಡಿದಿದ್ದಳು. ಮಾಷ್ಟ್ರು ಕೊಡೆ ಎತ್ತಿ ಏನೋ ಕೂಗುತ್ತಿದ್ದರು. ವಾದ್ಯದಲ್ಲಿ ಒಂದಕ್ಷರವೂ ಕೇಳಲಿಲ್ಲ. ಯಾರೋ, "ಫೋಟೋಕ್ಕೆ ಅಡ್ಡ ಬರ್ಬೇಡಿ ಅಜ್ಜ" ಎಂದು ಅವರ ಹೆಗಲು ಹಿಡಿದು ಬದಿಗೆ ಸರಿಸಿದರು.

ಆಗ ಒಣಗಿದ ತೆಂಗಿನ ಮಡಲು ಮುರಿದಂಥ ಒಂದು ಸದ್ದು. ನನಗೆ ಕೇಳಿತು. ಅವರಿಗೂ ಕೇಳಿತು, ನಮ್ಮಿಬ್ಬರ ಕಣ್ಣು ಸೇರಿದವು.

ಜೀವಮಾನದಲ್ಲಿ ಯಾರಿಗೂ ಎದುರಾಡದ ಆ ಮನುಷ್ಯ ಜನರ ನಡುವೆ ನುಗ್ಗಿ, ಅಕ್ಕನ ಕೈಯ ತಟ್ಟೆಗೆ ಬಗ್ಗಿ, ಆರತಿಯನ್ನು ಉಫ್ ಎಂದು ಊದಿ ನಂದಿಸಿಬಿಟ್ಟರು. ಎರಡೂ ಬತ್ತಿ.

ವಾದ್ಯ ನಿಂತಿತು. ಮದುಮಗನ ಸೋದರಮಾವ ಮೊದಲು ಸುಳ್ಯದ ಕಡೆಯ ಅರೆಭಾಷೆಯಲ್ಲಿ ಬೈದರು, ಆಮೇಲೆ ಎಲ್ಲರಿಗೂ ತಿಳಿಯಲೆಂದು ಕನ್ನಡದಲ್ಲಿ. "ಯಾರಿವ? ನಿಮ್ಮ ಕಡೆಯವನಾ?"

"ನಮ್ಮವರಲ್ಲ" ಎಂದರು ಭಾವ.

"ಆರತಿ ಆರಿದ ಬಾಗಿಲಲ್ಲಿ ನಮ್ಮ ಹುಡುಗ ಕಾಲಿಡುದಿಲ್ಲ. ಎಲ್ಲರೂ ಹಿಂದೆ ನಡೀರಿ, ಗೇಟಿನವರೆಗೂ. ಹೊಸ ದೀಪ ಹಚ್ಚಿ, ಮೊದಲಿಂದ ಬರುವ. ಇಲ್ಲಾಂದ್ರೆ ಬರುದೇ ಇಲ್ಲ."

ದಿಬ್ಬಣ ತಿರುಗಿತು. ಅವರನ್ನು ಸಮಾಧಾನ ಮಾಡಲೆಂದು ನಮ್ಮವರೂ ಹಿಂದೆಯೇ ಓಡಿದರು. ಅಕ್ಕ ಅಳುತ್ತ ಹೋದಳು. ಯಾರೋ ಮಾಷ್ಟ್ರ ಬೆನ್ನಿಗೆ ಗುದ್ದಿ ಹೋದರು. ನೋಡುತ್ತಿದ್ದ ಹಾಗೆ ಮಂಟಪ ಖಾಲಿಯಾಯಿತು. ಸ್ತಂಭವೇಧೆ ಎಂಬ ಮಾತು ಕೇಳಿ ಕಂಬ ಕಡಿದ ಊರನ್ನು ಮಾಷ್ಟ್ರು ಅದೇ ಊರಿನ ನಂಬಿಕೆಯಿಂದಲೇ ಹಿಂದಕ್ಕೆ ಎಳೆದಿದ್ದರು. ಇದು ಈಗ ಹೊಳೆಯುವ ಮಾತು. ಆಗ ನಾನೂ ಅಂಗಳಕ್ಕೆ ಬಂದಿದ್ದೆ, ಏನು ಯೋಚಿಸಿದೆನೋ ಗೊತ್ತಿಲ್ಲ.

ಶರಬತ್ತು ಬಡಿಸಲು ಬಂದಿದ್ದ ಗಿರಿಜಕ್ಕ ಮಾತ್ರ ಅರ್ಧದಿಂದ ತಿರುಗಿ ಹೋದಳು. ತುಂಬಿಸಿಟ್ಟ ಗ್ಲಾಸುಗಳಿಗೆ ಧೂಳು ಬೀಳುತ್ತದೆಂದು ಬಟ್ಟೆ ಮುಚ್ಚಲು. ಮಾಷ್ಟ್ರು ಹೊರಗೆ ಬರುತ್ತಿದ್ದವರು ಅವಳನ್ನು ಕಂಡು ಹಿಂದಕ್ಕೆ ಓಡಿದರು. ಕೊಡೆಯ ಹಿಡಿಯನ್ನು ಅವಳ ತೋಳಿಗೆ ಕೊಕ್ಕೆಯಂತೆ ಹಾಕಿ ಎಳೆದದ್ದು ನೋಡಿದೆ. ಅವಳು ಮೆಟ್ಟಿಲ ಮೇಲೆ ಬಿದ್ದಳು. ಬೀಮು ನಡುವಿನಲ್ಲಿ ಬಾಗಿತು, ಮೆಲ್ಲ, ಹೊರೆ ಇಳಿಸಲು ಬಗ್ಗುವವರಂತೆ. ಆಮೇಲೆ ತ್ರಿಕೋನ ಇಡಿಯಾಗಿ ಮಾಷ್ಟ್ರ ಮೇಲೆ ಕುಸಿದು ಕೂತಿತು. ಕೆಂಪು ಧೂಳು ಎದ್ದು ನಮ್ಮ ಬಾಯೊಳಗೆಲ್ಲ ಬಂತು. ಧೂಳಿಳಿದಾಗ ನಾಲ್ಕರಲ್ಲಿ ಎರಡು ಕಂಬ ನಿಂತಿದ್ದವು, ಏನನ್ನೂ ಹೊರದೆ.

ಸೋದರಮಾವನೇ ಮೊದಲು ಓಡಿ ಕಲ್ಲು ಎತ್ತತೊಡಗಿದವರು. ರೇಷ್ಮೆ ಶಲ್ಯವನ್ನು ಮಾಷ್ಟ್ರ ಸೊಂಟಕ್ಕೆ ಬಿಗಿದು ಕಟ್ಟಿದರು. "ಅಜ್ಜ, ಅಜ್ಜ, ಕೇಳ್ತದಾ?" ಎಂದು ಕರೆಯುತ್ತಲೇ ಇದ್ದರು.

ಗಿರಿಜಕ್ಕನ ಕೈ ಮುರಿಯಿತು, ಅವಳು ಬದುಕಿದಳು. ಮದುವೆ ಆಮೇಲೊಂದು ದಿನ ಸುಳ್ಯದಲ್ಲಿ ಗಂಡಿನ ಮನೆಯಲ್ಲಿ, ವಾದ್ಯವಿಲ್ಲದೆ ನಡೆಯಿತು. ಮಾಷ್ಟ್ರನ್ನು ಮಂಗಳೂರಿಗೆ ಒಯ್ದರು.

ಆಸ್ಪತ್ರೆಗೆ ಹೋದಾಗ ಅವರ ತಲೆಗೆ ಬ್ಯಾಂಡೇಜು, ಕಾಲುಗಳು ಚಾದರದ ಅಡಿಯಲ್ಲಿ. ನನ್ನ ಗುರುತು ಸಿಕ್ಕಿತು. ಏನೋ ಕೇಳಬೇಕಿತ್ತು ಅವರಿಗೆ. "ಮೇಲಿನದ್ದು... ಆ... ಮೂರು ಮೂಲೆಯದ್ದು..." ಕೈಯಿಂದ ಗಾಳಿಯಲ್ಲಿ ತ್ರಿಕೋನ ಬರೆದರು. ಗೆರೆ ನೇರವಾಗಿಯೇ ಇತ್ತು.

"ಪೆಡಿಮೆಂಟ್," ಎಂದೆ.

"ಹಾಂ." ಕಣ್ಣಿನ ಬದಿಯಿಂದ ನೀರಿಳಿಯಿತು. ಇಡೀ ಜೀವ ಸವೆಸಿ ಸಂಪಾದಿಸಿದ ಶಬ್ದಗಳು ಅವರನ್ನು ಬಿಟ್ಟುಹೋಗಿದ್ದವು. ಒಂದೊಂದಾಗಿ ನಾನು ಕೊಟ್ಟೆ, ಹೈಸ್ಕೂಲಿನಲ್ಲಿ ಪಾಠ ಒಪ್ಪಿಸಿದ ಹಾಗೆ. ಪೀಠ, ಬೋದಿ​ಗೆ, ಟ್ರೈಗ್ಲಿಫ್. ಪ್ರತಿಯೊಂದಕ್ಕೂ ಹಾಂ, ಹಾಂ ಎಂದರು. ಕಡೆಗೆ, ಒಂದು ಶಬ್ದಕ್ಕೂ ತಡವರಿಸದೆ, "ನಾನು ಹೇಳಿದ್ದಕ್ಕೇ ಅಲ್ವಾ ಅವರು ಕಡಿದದ್ದು?" ಎಂದರು.

"ಅಲ್ಲ ಮಾಷ್ಟ್ರೆ," ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ನಿಜ ಗೊತ್ತಿಲ್ಲದೆ, ಸಮಾಧಾನಕ್ಕೆ ಹೇಳುತ್ತಿದ್ದೇನೆ ಎಂಬುದು ಅವರಿಗೆ ಗೊತ್ತಾಯಿತು. ಅಂಗಡಿಯಲ್ಲಿ ಅವರು ಆ ಮಾತು ಆಡುವಾಗ ಪಕ್ಕದಲ್ಲಿದ್ದವಳು ನಾನೇ ಅಲ್ಲವೇ? ಮುಖ ಗೋಡೆಗೆ ತಿರುಗಿಸಿದರು. ಮರುದಿನ ಹೋದರು.

ಆಮೇಲೆ ನನಗೆ ನಿದ್ದೆ ಬರುವುದು ನಿಂತಿತು. ಮಲಗಿದರೆ ನೆತ್ತಿಯ ಮೇಲೆ ಸ್ಲ್ಯಾಬು. ಹೊರಗೆ ಒಂದು ಹನಿ ಬಿದ್ದರೂ ಎದ್ದು ದೀಪ ಹಾಕಿ ಮೇಲೆ ನೋಡುವುದು. ಕ್ಲಾಸಿನಲ್ಲಿ ಬೀಮಿನಿಂದ ದೂರ ನಿಂತು ಪಾಠ ಮಾಡುವುದು. ಅದಕ್ಕಿಂತ ಕಷ್ಟದ್ದು ಊರಿನ ಮಾತು. ಬಸ್ಸಿನಲ್ಲಿ, ಅಂಗಡಿಯಲ್ಲಿ, ನನ್ನ ಎದುರೇ: "ಮಾಷ್ಟ್ರು ಹೇಳಿಯೇ ಕಂಬ ತೆಗೆಸಿದ್ದಂತೆ. ಗ್ರೀಸಿನಲ್ಲಿ ಹಾಗೆ ಉಂಟು ಅಂತ." "ಕಡೆಗೆ ಪಾಪ, ಅವರ ತಲೆಗೇ ಬಂತು." ಯಜಮಾನರು ಪೊಲೀಸರಿಗೂ ಹಾಗೆಯೇ ಹೇಳಿದ್ದಾರೆಂದು ತಿಳಿಯಿತು. ಅದು ಸುಳ್ಳೆಂದು ನಾನು ಹೇಳುವ ಹಾಗಿರಲಿಲ್ಲ. ಆ ವಾಕ್ಯ ನನ್ನ ಕಿವಿಯಲ್ಲೇ ಇತ್ತು.

ಉತ್ತರಕ್ರಿಯೆಯ ದಿನ ಕಬಕದ ಮನೆಯ ಅಂಗಳದಲ್ಲಿ ಊಟದ ಪಂಕ್ತಿ ಶುರುವಾಗುವಾಗ ಯಜಮಾನರು ಬಂದರು. ಅವರು ಚಪ್ಪಲಿ ಬಿಟ್ಟು, ಒಳಗೂ ಬರದೆ, ಹೊರಗೂ ಹೋಗದೆ, ಚಪ್ಪರದ ಕಂಬ ಹಿಡಿದು ನಿಂತರು. ಮಾಷ್ಟ್ರ ಹೆಂಡತಿ ಒಳಗಿನಿಂದ ಬಂದು ನೋಡಿದರು. ಬೈಯುತ್ತಾರೆಂದು ಎಲ್ಲರೂ ಕಾದೆವು.

"ಕೂತುಕೊಳ್ಳಿ," ಎಂದರು ಅವರು. "ಅವರು ನಿಮ್ಮ ಹಾಲಿಗೆ ಅಷ್ಟು ಸಲ ಬಂದು ಒಂದು ದಿನವೂ ಉಣ್ಣದೆ ವಾಪಸ್ ಬಂದ್ರು. ನೀವು ಇಲ್ಲಿಂದ ಹಾಗೆ ಹೋಗುದು ಬೇಡ."

ನನ್ನ ಪಕ್ಕದ ಎಲೆ ಖಾಲಿಯಿತ್ತು. ಅಲ್ಲೇ ಕೂತರು. ಮಾಷ್ಟ್ರ ಹೆಂಡತಿಯೇ ಅನ್ನ ಬಡಿಸಿದರು. ಸಾರು ಎಲೆಯ ಅಂಚಿಗೆ ಹರಿದು ಬಂತು. ಯಜಮಾನರು ಕೈ ಅಡ್ಡ ಇಡಲಿಲ್ಲ. ಅನ್ನಕ್ಕೆ ಕೈ ಹಾಕಿದವರು ಹಾಗೇ ಕೂತುಬಿಟ್ಟರು.

"ಮಾಷ್ಟ್ರು ಹೇಳುವ ಮೊದಲೇ ಕಂಬ ಕಡಿದಾಗಿತ್ತು ಅಕ್ಕ," ಎಂದರು. ಪಂಕ್ತಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ. "ಆ ದಿನ ಬೆಳಿಗ್ಗೆಯೇ ಕಡಿಸಿದ್ದೆ. ಕಡಿಯುವಾಗ ಸರಳು ಕಂಡು ನನಗೆ ಹೆದರಿಕೆ ಆಗಿತ್ತು. ಇಂಜಿನಿಯರ್ ಹುಡುಗನನ್ನು ನಾನು ಕರೆದದ್ದೂ ಇಲ್ಲ. ಸಂಜೆ ಅಂಗಡಿಯಲ್ಲಿ ಮಾಷ್ಟ್ರು ಅವರಷ್ಟಕ್ಕೆ ಆ ಮಾತು ಹೇಳಿದ್ರು. ನಾನು ಅದನ್ನು ಹಿಡಿದುಕೊಂಡೆ. ಎಲ್ಲರಿಗೂ ಅವರ ಹೆಸರು ಹೇಳ್ತಾ ಬಂದೆ. ಅವರಿಗೂ ಹಾಗೇ ನಂಬ್ಲಿಕ್ಕೆ ಬಿಟ್ಟೆ."

ಅಂಗಡಿಯಲ್ಲಿ ಸಡಿಲಾದ ಆ ಮುಖ ಆಗ ನನಗೆ ಅರ್ಥವಾಯಿತು.

ಮಾಷ್ಟ್ರ ಹೆಂಡತಿ ಸೌಟು ಹಿಡಿದುಕೊಂಡೇ ನಿಂತಿದ್ದರು. "ಇದನ್ನು ಆಸ್ಪತ್ರೆಗೆ ಬಂದು ಹೇಳಿದ್ರೆ ಆಗ್ತಿತ್ತು," ಎಂದರು. ಆಮೇಲೆ "ಉಣ್ಣಿ" ಎಂದು ಮುಂದಿನ ಎಲೆಗೆ ಹೋದರು.

ಯಜಮಾನರು ಉಂಡರು. ಎಲೆಯಲ್ಲಿ ಒಂದಗುಳೂ ಬಿಡಲಿಲ್ಲ. ಕೈ ತೊಳೆದು ಬಂದು, "ಮೇಡಂ, ಪೊಲೀಸ್ ಸ್ಟೇಷನ್ನಿಗೆ ಬರ್ತೀರಾ? ಒಬ್ಬನೇ ಹೋದ್ರೆ ದಾರಿಯಲ್ಲಿ ಮನಸ್ಸು ಬದಲಾದೀತು" ಎಂದರು. ಹೋದೆ. ಹೇಳಿಕೆ ಕೊಡುವಾಗ ಅವರಿಗೆ ಒಂದೆರಡು ಕಡೆ ಶಬ್ದ ಸಿಗಲಿಲ್ಲ. "ಅದೇ, ಮೇಲಿನ ತ್ರಿಕೋನ..." ಎಂದಾಗ ಬರೆದುಕೊಳ್ಳುತ್ತಿದ್ದವರು ತಲೆ ಎತ್ತಿದರು. ನಾನು ಹೆಸರು ಹೇಳಿದೆ, ಅಕ್ಷರ ಬಿಡಿಸಿ ಬರೆಸಿದೆ.

ಮನೆಗೆ ಬಂದು ಕೈಕಾಲು ತೊಳೆದು ಚಾಪೆ ಹಾಸಿದ್ದು ನೆನಪಿದೆ. ಮರುದಿನ ಬಾಗಿಲು ತೆಗೆದರೆ ಅಂಗಳದಲ್ಲಿ ನೀರು ನಿಂತಿತ್ತು. ಹಗ್ಗದ ಮೇಲೆ ಮರೆತಿದ್ದ ಸೀರೆ, ಚಾದರ, ಎಲ್ಲವೂ ತೊಯ್ದು ನೆಲಕ್ಕೆ ಜೋತುಬಿದ್ದಿದ್ದವು. ರಾತ್ರಿ ಅಷ್ಟು ದೊಡ್ಡ ಮಳೆ ಬಂದಿತ್ತು. ನನಗೆ ಗೊತ್ತೇ ಆಗಿರಲಿಲ್ಲ.